ಖಾಲಿ ಹಾಳೆಗಳ ಉಯಿಲು

ಅಂದು ಬೆಳಿಗ್ಗೆ ಆರೂವರೆಗೆ ಎಂದಿನಂತೆ ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಹಂಚು, ನನ್ನ ಕೈಯಲ್ಲಿ ಲಟ್ಟಣಿಗೆ. ಅಂಬಿಕಾನಗರದ ಕಚೇರಿಗೆ ಎಂಟರ ಬಸ್ಸು ಹಿಡಿಯುವ ನಮ್ಮವರ ಡಬ್ಬಿಗೆ ನಾಲ್ಕು ಚಪಾತಿ ಆಗಬೇಕು. ಹಿತ್ತಲಿನ ಆಲದ ಮರದಲ್ಲಿ ಮಂಗಟ್ಟೆ ಹಕ್ಕಿಗಳು ಹಣ್ಣಿಗಾಗಿ ಜಗಳ ತೆಗೆದಿದ್ದವು. ಪಡಸಾಲೆಯಲ್ಲಿ ನಮ್ಮ ಕಾಕಾ ಪೇಪರ್ ಕೇಳುತ್ತಿದ್ದರು.

‘ಓದುತ್ತಿದ್ದರು’ ಎಂದು ನೀವು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದರೆ, ಬೇಡ. ನಮ್ಮ ಕಾಕಾ ದಿನಪತ್ರಿಕೆಯನ್ನು ಮೊದಲು ಕೇಳುತ್ತಾರೆ. ಮೂಲೆ ಹಿಡಿದು ಕಿವಿಯ ಹತ್ತಿರ ಫಟ್ಟೆಂದು ಅಲುಗಿಸುತ್ತಾರೆ. ಆಮೇಲೆ ಮೂಸುತ್ತಾರೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಇಷ್ಟೆಲ್ಲ ಆಗಿ ಮನಸ್ಸು ಉಳಿದಿದ್ದರೆ ಸುದ್ದಿಯನ್ನೂ ಓದುತ್ತಾರೆ, ಆದರೆ ಅದು ಅಪರೂಪ. ಅಚ್ಚಾದ ಅಕ್ಷರ ಎಂದರೆ ಒಳ್ಳೆಯ ಕಾಗದಕ್ಕೆ ಹತ್ತಿದ ಕೊಳೆ ಎಂಬುದು ಅವರ ಖಚಿತ ಅಭಿಪ್ರಾಯ. ಏನೂ ಬರೆಯದ ಹಾಳೆಯನ್ನು ಅರ್ಧ ತಾಸು ಓದಬಲ್ಲ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರೇ ಇದ್ದರೆ, ಅವರು ದಾಂಡೇಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದಾರೆ.

ಕಾಕಾ ಎಂದರೆ ನಮ್ಮ ಮಾವನವರ ತಮ್ಮ. ಎಂಬತ್ತೊಂದು ದಾಟಿದೆ. ಬ್ರಹ್ಮಚಾರಿ. ವಯಸ್ಸಿನಲ್ಲಿದ್ದಾಗ ಒಂದು ಸಂಬಂಧ ಕೂಡಿಬಂದಿತ್ತಂತೆ, ಹುಡುಗಿಯ ತಂದೆ ಬರೆದ ಒಪ್ಪಿಗೆ ಪತ್ರದ ಕಾಗದ ಎರಡೇ ಮಡಿಕೆಗೆ ಹರಿದುಹೋಯಿತೆಂದು ಇವರೇ ಹಿಂದೆ ಸರಿದರಂತೆ. ಇದು ನಿಜವೋ, ನಮ್ಮತ್ತೆ ಕಟ್ಟಿದ್ದೋ, ನನಗೆ ತಿಳಿಯದು. ಆದರೆ ನನ್ನ ಮದುವೆಯ ಕಥೆಯಂತೂ ನಿಜ. ನಾನು ಹಳಿಯಾಳದವಳು, ಕಾನ್ವೆಂಟಿನಲ್ಲಿ ಕಲಿತವಳು. ನನ್ನ ವಿವರಗಳನ್ನು ನಾನೇ ದುಂಡಗೆ ಬರೆದಿದ್ದೆ, ನಮ್ಮ ಸಿಸ್ಟರ್ ಒಬ್ಬರು ಕೊಟ್ಟ ದಪ್ಪ ಬಿಳಿ ಹಾಳೆಯ ಮೇಲೆ. ನೋಡಲು ಬಂದ ಏಳು ಜನರಲ್ಲಿ ಆರು ಜನ ನನ್ನನ್ನು ನೋಡಿದರು. ಕಾಕಾ ಹಾಳೆಯನ್ನು ನೋಡಿದರು, ಅಲುಗಿಸಿದರು, ಒಂದು ಮೂಲೆಯನ್ನು ನಾಲಿಗೆಗೆ ತಾಗಿಸಿ ಹೇಳಿದರು, “ನಡೀತೈತಿ. ಮಸಿ ಹರಡೂದಿಲ್ಲ.”

ಮಾತು ನನ್ನ ಬಗ್ಗೆಯೋ ಹಾಳೆಯ ಬಗ್ಗೆಯೋ ಯಾರಿಗೂ ತಿಳಿಯಲಿಲ್ಲ. ಹಿರಿಯರು ‘ನಡೀತೈತಿ’ ಎಂಬಷ್ಟನ್ನೇ ಹಿಡಿದುಕೊಂಡು ತಾಂಬೂಲ ಬದಲಿಸಿದರು.

ಅಂದು ಬೆಳಿಗ್ಗೆ ಮಾತ್ರ ಕಾಕಾ ಪೇಪರನ್ನು ಎರಡೇ ಸಲ ಅಲುಗಿಸಿ ಇಟ್ಟುಬಿಟ್ಟರು. ಏಳಕ್ಕೇ ಸ್ನಾನ, ಇಸ್ತ್ರಿ ಅಂಗಿ, ತಲೆಗೆ ಎಣ್ಣೆ. ಪಕ್ಕದ ಮನೆಯ ಶಾಹಿದಾಬಿ ಗೋಡೆಯ ಮೇಲಿಂದ ಕರಿಬೇವು ಕೊಡುತ್ತ ಒಳಗೆ ಇಣುಕಿದರು. ಅವರ ಮಗನದು ಮುಂದಿನ ರಸ್ತೆಯಲ್ಲಿ ಬೈಕ್ ಗ್ಯಾರೇಜು. ಶಾಹಿದಾಬಿಯೂ ಹಿಂದೆ ಕಾಕಾ ಇದ್ದ ಕಾಗದದ ಕಾರ್ಖಾನೆಯಲ್ಲೇ ಕೆಲಸ ಮಾಡಿದವರು.

“ಏನ್ರೀ ಬಾಯಿ, ಸಾಹೇಬ್ರು ಇವತ್ತ ಮದುಮಗನಂಗ ತಯಾರ ಆಗ್ಯಾರ?”

“ಮ್ಯೂಸಿಯಂನವರು ಬರ್ತಾರ್ರೀ, ಹನ್ನೊಂದಕ್ಕ.”

“ಯಾಕ? ಸಾಹೇಬ್ರನ್ನ ಒಯ್ಯಾಕ?”

“ಅವರ ಪೆಟಿಗಿ ನೋಡಾಕ.”

“ಹಂಗೇನ,” ಎಂದು ಶಾಹಿದಾಬಿ ನಕ್ಕು, ಕೋಳಿಗಳಿಗೆ ನುಚ್ಚು ಹಾಕಲು ಹೋದರು.

ಪೆಟ್ಟಿಗೆಯ ಸಂಗತಿ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಕಾಕಾನ ಮಂಚದ ಕೆಳಗೆ ಒಂದು ಸಾಗವಾನಿ ಪೆಟ್ಟಿಗೆ ಇದೆ. ಅದರ ತುಂಬ ಹಾಳೆಗಳು. ಮುನ್ನೂರು ಚಿಲ್ಲರೆ ಇರಬಹುದು. ಒಂದರ ಮೇಲೂ ಒಂದಕ್ಷರ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವನ್ನು ನೋಡಿ, ಇವರು ಯಾವುದೋ ದೊಡ್ಡ ಗ್ರಂಥ ಬರೆಯಲು ಕೂಡಿಟ್ಟುಕೊಂಡಿರಬೇಕು ಎಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಪ್ರತಿ ಹಾಳೆಯಲ್ಲೂ ಪೆನ್ಸಿಲಿನ ಸಣ್ಣದೊಂದು ವೃತ್ತ, ವೃತ್ತದೊಳಗೆ ಒಂದು ದೋಷ. ಒಂದರಲ್ಲಿ ಬಿದಿರಿನ ಎಳೆ. ಒಂದರಲ್ಲಿ ಸಾಸಿವೆಯಷ್ಟು ಸುಕ್ಕು. ಒಂದರಲ್ಲಿ ನೀರಿನ ಹನಿ ಬಿದ್ದು ತೆಳುವಾದ ಜಾಗ, ಬೆಳಕಿಗೆ ಹಿಡಿದರೆ ಚಂದ್ರನಂತೆ ಕಾಣುತ್ತದೆ. ಇನ್ನೊಂದರಲ್ಲಿ ಇಡಿಯಾಗಿ ಒಂದು ಸೊಳ್ಳೆ, ಆರೂ ಕಾಲು ನೀಟಾಗಿ ಚಾಚಿ ಮಲಗಿದೆ.

ಕಾರ್ಖಾನೆಯಲ್ಲಿ ಕಾಗದ ಕತ್ತರಿಸಿದ ಮೇಲೆ ಹೆಂಗಸರ ಸಾಲೊಂದು ಅದನ್ನು ಆರಿಸುತ್ತಿತ್ತಂತೆ. ಕಟ್ಟಿನ ಅಂಚನ್ನು ಬೀಸಣಿಗೆಯಂತೆ ಬಿಡಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಲೆಯಿರುವ ಹಾಳೆ ಎಳೆದು ಕೆಳಗೆ ಎಸೆಯುವುದು. ಹಾಗೆ ಎಸೆದದ್ದು ರಾಶಿಯಾಗಿ ಮತ್ತೆ ಕೊಪ್ಪರಿಗೆಗೆ ಹೋಗಿ, ಬೆಂದು, ತಿರುಳಾಗಿ, ಹೊಸ ಕಾಗದವಾಗುತ್ತದೆ. ಹೆಂಗಸರು ಆರಿಸಿ ಮುಗಿಸಿದ ಕಟ್ಟನ್ನು ಮತ್ತೊಮ್ಮೆ ನೋಡುವುದು ಕಾಕಾನ ಕೆಲಸ. ಎಸೆದ ಆ ರಾಶಿಯಿಂದಲೇ ಆಗೊಂದು ಈಗೊಂದು ಎತ್ತಿಕೊಂಡು ಬಂದಿರಬೇಕು ಎಂದು ಮನೆಯವರ ಅಂದಾಜು. ಕೇಳಿದರೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ. ಪೆಟ್ಟಿಗೆಯ ಬೀಗವನ್ನು ಎರಡು ಸಲ ಜಗ್ಗಿ ನೋಡುತ್ತಿದ್ದರು.

ಮೊದಲ ದೀಪಾವಳಿಗೆ ನಾನೊಂದು ಘನ ಕಾರ್ಯ ಮಾಡಿದೆ. ಚಕ್ಕುಲಿ ಕರಿಯುತ್ತಿದ್ದೆ, ಎಣ್ಣೆ ಬಸಿಯಲು ಕಾಗದ ಬೇಕಿತ್ತು, ಪೆಟ್ಟಿಗೆ ತೆರೆದಿತ್ತು, ಮೇಲಿನ ಹಾಳೆ ಅಚ್ಚಬಿಳಿ ಇತ್ತು. ಕಾಕಾ ಅಡುಗೆಮನೆಗೆ ಬಂದು ನೋಡಿದಾಗ ಹಾಳೆಯ ಮೇಲೆ ಹದಿನಾರು ಚಕ್ಕುಲಿ. ಕಾಕಾ ಒಂದೊಂದೇ ಚಕ್ಕುಲಿಯನ್ನು ತಟ್ಟೆಗೆ ಎತ್ತಿಟ್ಟು, ಹಾಳೆಯನ್ನು ಬೆಳಕಿಗೆ ಹಿಡಿದು, ಎರಡು ದಿನ ಗಾಳಿಗೆ ಒಣಗಿಸಿ, ಎಣ್ಣೆಯ ಸುತ್ತ ದೊಡ್ಡದೊಂದು ವೃತ್ತ ಎಳೆದು ಮತ್ತೆ ಪೆಟ್ಟಿಗೆಯಲ್ಲಿ ಇಟ್ಟರು. ಚಕ್ಕುಲಿಯನ್ನೂ ನಾಲ್ಕು ತಿಂದರು.

ಉಯಿಲಿನ ಹುಚ್ಚು ಹಿಡಿದದ್ದು ಕಣ್ಣಿನ ಡಾಕ್ಟರರಿಂದ. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಅವರು ರಿಪೋರ್ಟು ಕೈಗಿತ್ತರು. ಕಾಕಾ ಅದನ್ನು ಕಿವಿಯ ಹತ್ತಿರ ಅಲುಗಿಸಿದರು.

“ಭಾಳ ಹಗುರ ಐತಲ್ರೀ ಡಾಕ್ಟರ್.”

“ಹಗುರ ಅಲ್ರೀ ಅಜ್ಜಾರ, ಎಡಗಣ್ಣು ಪೂರಾ ಹೋಗೇತಿ. ಬಲಗಣ್ಣೂ ಹೊಂಟೇತಿ.”

“ನಾ ಕಾಗದಕ್ಕ ಅಂದೆ,” ಎಂದರು ಕಾಕಾ.

ಆದರೆ ಬಸ್ಸಿನಲ್ಲಿ ಬರುವಾಗ, ಹಳಿಯಾಳ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಯೇ ನನಗೆ ಹೇಳಿದರು, “ನೋಡು ತಂಗಿ, ನನ್ನ ಕಣ್ಣು ಹ್ವಾದ್ರ ಅವು ಬರೇ ಬಿಳಿ ಹಾಳಿ. ನಾ ಹ್ವಾದ ಮರುದಿನ ರದ್ದಿಯವ ಬರ್ತಾನ. ಮತ್ತ ಕೊಪ್ಪರಿಗಿಗೇ ಹೊಕ್ಕಾವು.”

ಅವರಿಗೆ ತಮ್ಮ ಸಾವಿನ ಬಗ್ಗೆ ಅಂಥ ಚಿಂತೆ ಇರಲಿಲ್ಲ. ಹಾಳೆಗಳು ಸಾಯುತ್ತವಲ್ಲ ಎಂಬುದೇ ಚಿಂತೆ.

ಹಾಗೆ ಉಯಿಲು ಶುರುವಾಯಿತು. ನನ್ನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೇ ಬಂತು. ಹಳಿಯಾಳದ ವಕೀಲರು ಮೊದಲು ಸ್ಟಾಂಪ್ ಪೇಪರ್ ತೋರಿಸಿದರು. ಕಾಕಾ ಅದನ್ನು ಅಲುಗಿಸಿ ಟೇಬಲ್ಲಿನ ಮೇಲೆ ವಾಪಸ್ ಇಟ್ಟರು. “ಇದರ ಮ್ಯಾಲೆ ಬರದ್ರ ನನಕಿಂತ ಮೊದಲ ಇದು ಸಾಯ್ತೈತಿ.” ವಕೀಲರು ತಾಳ್ಮೆಯವರು. ಉಯಿಲಿಗೆ ಸ್ಟಾಂಪ್ ಪೇಪರೇ ಬೇಕೆಂದಿಲ್ಲ, ಬಿಳಿ ಹಾಳೆ ಸಾಕು ಎಂದರು. “ಎಂಥಾ ಬಿಳಿ?” ಎಂದು ಕೇಳಿದರು ಕಾಕಾ. ಬಿಳಿಯೆಂದರೆ ಒಂದೇ ಬಣ್ಣ ಎಂದು ಐವತ್ತು ವರ್ಷ ನಂಬಿಕೊಂಡು ಬದುಕಿದ್ದ ಆ ವಕೀಲರ ಮುಖವನ್ನು ನೀವು ನೋಡಬೇಕಿತ್ತು.

ಕಾಗದ ಆರಿಸಲು ನಾಲ್ಕು ತಿಂಗಳು ಹಿಡಿಯಿತು. ಬರೆಯಲು ಎರಡು ದಿನ. ಐದು ಪುಟದ ಉಯಿಲಿನಲ್ಲಿ ನಾಲ್ಕೂ ಮುಕ್ಕಾಲು ಪುಟ ಹಾಳೆಗಳದ್ದೇ ವರ್ಣನೆ: ಪೆಟ್ಟಿಗೆಯನ್ನು ಮ್ಯೂಸಿಯಂಗೆ ಕೊಡತಕ್ಕದ್ದು, ಅಡ್ಡ ಇಡತಕ್ಕದ್ದು, ಉದ್ದ ನಿಲ್ಲಿಸಬಾರದು, ಬಿಸಿಲು ತಾಗಿಸಬಾರದು, ಒದ್ದೆ ಕೈಯವರನ್ನು ಹತ್ತಿರ ಬಿಡಬಾರದು. ಕೊನೆಗೆ ಒಂದೇ ಸಾಲು: ‘ಮೌಳಂಗಿ ಹತ್ತಿರದ ಹೊಲ ಇತ್ಯಾದಿ ಅಣ್ಣನ ಮಗನಿಗೆ.’

“ಎರಡೆಕರೆ ಹೊಲ ‘ಇತ್ಯಾದಿ’ ಆತೇನು ಕಾಕಾ?” ಎಂದು ನಮ್ಮವರು ಕೇಳಿದರು.

“ಹೊಲಾ ಏನ್ ಯಾರರೇ ಕೈಯಿಂದ ಮಾಡಿದ್ದೇನೋ?” ಎಂದರು ಕಾಕಾ.

ಇನ್ನು ಮ್ಯೂಸಿಯಂ. ಹಳಿಯಾಳದ ಕಡೆ ಹಳೆಯ ಕಟ್ಟಡವೊಂದರಲ್ಲಿ ಈಚೆಗೆ ಸಣ್ಣದೊಂದು ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಜೋಯಿಡಾದ ಕುಣಬಿಯರ ಬುಟ್ಟಿಗಳು, ಸಿದ್ದಿಯರ ಡಮಾಮಿ ವಾದ್ಯ, ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ರತ್ನಗಂಬಳಿ ನೇಯುವ ಮಗ್ಗ, ಹೀಗೆ ನಾಲ್ಕು ತಾಲೂಕುಗಳ ಕೈಕೆಲಸವೆಲ್ಲ ಅಲ್ಲಿದೆ. ಉಯಿಲಿಗೆ ಕಾಗದ ಆರಿಸುತ್ತಿದ್ದ ಆ ನಾಲ್ಕು ತಿಂಗಳಲ್ಲೇ ಒಮ್ಮೆ ಕಾಕಾನನ್ನು ಕರೆದುಕೊಂಡು ಹೋಗಿದ್ದೆ. ಎರಡು ತಾಸು ನೋಡಿದರು. ಬುಟ್ಟಿ ನೋಡಲಿಲ್ಲ, ಮಗ್ಗ ನೋಡಲಿಲ್ಲ. ಪ್ರತಿ ವಸ್ತುವಿನ ಕೆಳಗೆ ಅಂಟಿಸಿದ ಚೀಟಿಯನ್ನು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಅಲ್ಲಿನ ಮೇಲ್ವಿಚಾರಕಿಯ ಟೇಬಲ್ಲಿಗೆ ನೇರ ಹೋಗಿ, “ಮೇಡಂ, ನಿಮ್ಮ ಚೀಟಿ ಎರಡು ಬ್ಯಾಸಗಿ ತಾಳೂದಿಲ್ಲ, ಹಳದಿ ಆಕ್ಕಾವು,” ಎಂದರು.

ಆಕೆ ಜೂಲಿಯಾ. ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಕುಟುಂಬದವಳು, ಧಾರವಾಡದಲ್ಲಿ ಇತಿಹಾಸ ಓದಿದವಳು. ಬೇರೆ ಯಾರಾದರೂ ಆಗಿದ್ದರೆ ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ಆಕೆ ಕುರ್ಚಿ ಎಳೆದು, “ಕೂಡ್ರಿ ಅಜ್ಜಾರ, ಹಂಗಾರ ಎಂಥಾ ಕಾಗದ ಬೇಕು ಹೇಳ್ರಿ,” ಎಂದಳು. ಕಾಕಾ ಕೂತರು. ಹೇಳಿದರು. ನಮ್ಮ ಬಸ್ಸು ತಪ್ಪಿತು. ಏಳುವ ಹೊತ್ತಿಗೆ ಪೆಟ್ಟಿಗೆಯನ್ನು ಉಯಿಲಿನಲ್ಲಿ ಆ ಮ್ಯೂಸಿಯಂಗೇ ಬರೆದಾಗಿತ್ತು, ಅವರ ಮನಸ್ಸಿನಲ್ಲಿ.

ಆದರೆ ಮ್ಯೂಸಿಯಂಗೆ ಯಾರು ಏನು ಬರೆದಿಟ್ಟರೂ ತೆಗೆದುಕೊಳ್ಳಲು ಆಗುವುದಿಲ್ಲವಂತೆ. ಮೊದಲೇ ಬಂದು ನೋಡಬೇಕು, ಒಂದು ಫಾರ್ಮು ತುಂಬಬೇಕು, ಮೇಲಿನವರು ಒಪ್ಪಬೇಕು. ಅದಕ್ಕೇ ಅಂದು ಹನ್ನೊಂದಕ್ಕೆ ಜೂಲಿಯಾ ನಮ್ಮ ಮನೆಗೆ ಬಂದದ್ದು, ಅದಕ್ಕೇ ಕಾಕಾ ಇಸ್ತ್ರಿ ಅಂಗಿ ಹಾಕಿದ್ದು.

ಆಕೆ ಚಹಾ ಕುಡಿದು, ಚೀಲದಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡಳು. ಕಾಕಾ ಪೆಟ್ಟಿಗೆಯ ಮೇಲೆ ಕೈ ಇಟ್ಟರು.

“ಅವನ್ನ ತಗೀರಿ ಮೇಡಂ.”

“ನಿಯಮ ಐತಿ ಅಜ್ಜಾರ. ಕೈ ಬೆವರು ಹತ್ತಬಾರದು.”

“ಕಾಗದಕ್ಕ ಬೆರಳು ಗೊತ್ತಾಗಬೇಕು. ಅರಿವಿ ಸುತಗೊಂಡು ಕೂಸಿನ ಜಳಕಾ ಮಾಡಸ್ತೀರೇನು?”

ಕೊನೆಗೆ ಒಪ್ಪಂದವಾಯಿತು. ಎಡಗೈಗೆ ಗವಸು, ಬಲಗೈಗೆ ಬೆರಳು. ಇಬ್ಬರೂ ಕಿಟಕಿಯ ಹತ್ತಿರ ಕೂತರು. ಕಾಕಾ ಪೆನ್ಸಿಲ್ ವೃತ್ತದ ಮೇಲೆ ಬೆರಳು ಸರಿಸಿ ದೋಷ ಹೇಳುವುದು, ಜೂಲಿಯಾ ಬೆಳಕಿಗೆ ಹಿಡಿದು ನೋಡುವುದು. ಸೊಳ್ಳೆ ಬಂದಾಗ ಆಕೆ ನಕ್ಕುಬಿಟ್ಟಳು. ಚಂದ್ರನಂಥ ನೀರಹನಿ ಬಂದಾಗ ಅಂಗೈಯಲ್ಲಿ ದೀಪ ಹಿಡಿದವಳಂತೆ ಹಾಳೆಯನ್ನು ಎತ್ತಿ ಹಿಡಿದಳು. ಆಮೇಲೆ ಒಂದು ಹಾಳೆ ತೆಗೆದು, “ಇದೇನ್ರಿ ಅಜ್ಜಾರ, ಇಷ್ಟ ದೊಡ್ಡ ಕಲೆ? ಯಂತ್ರದ ಎಣ್ಣಿ ಸೋರಿತ್ತೇನು?” ಎಂದಳು.

“ಅದು ನಮ್ಮ ಸೊಸೀದು. ಚಕ್ಕಲಿ.”

ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಮತ್ತೆ ಬರುವಷ್ಟರಲ್ಲಿ ಜೂಲಿಯಾ ಫಾರ್ಮು ತೆಗೆದಿದ್ದಳು. ವಸ್ತುವಿನ ಹೆಸರು, ಕಾಲ, ಅಳತೆ, ಎಲ್ಲ ಸರಸರ ತುಂಬಿತು. ಆಮೇಲೆ ಒಂದು ಕಲಮು: ‘ವಸ್ತು ದಾನಿಗೆ ಹೇಗೆ ದೊರೆಯಿತು?’

“ಆರಿಸಿ ಒಗದ ರಾಶಿಯೊಳಗಿಂದ ತಂದ್ರಿ. ಹೌದಲ್ರಿ?”

“ಅಲ್ಲ,” ಎಂದರು ಕಾಕಾ.

“ಮತ್ತ?”

“ಕಟ್ಟಿನೊಳಗಿಂದ ತಗದೆ. ಆರಿಸಿ ಮುಗಸಿದ ಕಟ್ಟು.”

“ಯಾರ ಕೊಟ್ರು?”

“ಯಾರೂ ಕೊಟ್ಟಿಲ್ಲ. ಕದ್ದೆ. ಹಂಗ ಬರಕೋರಿ.”

ಜೂಲಿಯಾ ಪೆನ್ನು ಕೆಳಗಿಟ್ಟಳು. ನಮ್ಮ ಕಾಕಾ ಬೇರೆಯವರ ಮನೆಯ ಪೆನ್ನು ಅಪ್ಪಿತಪ್ಪಿ ಜೇಬಿಗೆ ಬಂದಿತ್ತೆಂದು ಕೊಟ್ಟುಬರಲು ಮರುಬಸ್ಸಿಗೆ ಗೋವಾ ಗಡಿಯ ಅನಮೋಡದ ತನಕ ಹೋಗಿಬಂದ ಮನುಷ್ಯ. ಅವರ ಬಾಯಲ್ಲಿ ಈ ಮಾತು!

“ಅಜ್ಜಾರ, ಕಳವಿನ ಸಾಮಾನು ಮ್ಯೂಸಿಯಂಗ ತಗೋಳಾಕ ಬರೂದಿಲ್ಲ. ಯಾರರೇ ಕೊಟ್ಟಿರಬೇಕು. ನೆನಪು ಮಾಡಕೊಳ್ರಿ. ಮ್ಯಾನೇಜರ್ ಕೊಟ್ಟಿರಬಹುದು?”

“ನೆನಪು ಗಟ್ಟಿ ಐತ್ರಿ. ಯಾರೂ ಕೊಟ್ಟಿಲ್ಲ.”

“ಇಷ್ಟೂ ಕಳವು ಮಾಡಿದ್ರಿ? ಯಾಕ್ರಿ?”

“ಮನಸಾತು.”

“ಅಜ್ಜಾರ, ಇದೊಂದು ಕಲಮಿನ ಸಲುವಾಗಿ ಇಷ್ಟೂ ಹಾಳಿ ಹೊಳ್ಳಿ ಹೋಗ್ತಾವು.”

ಅದು ಕಾಕಾನಿಗೆ ತಿಳಿಯದ್ದೇನಲ್ಲ. ಬಲಗೈಯ ಬೆರಳುಗಳು ಪೆಟ್ಟಿಗೆಯ ಅಂಚಿನಲ್ಲಿ ಆ ಕಡೆ ಈ ಕಡೆ ಓಡಾಡುತ್ತಿದ್ದವು. ಆದರೂ ಅವರು ಹೇಳಿದ್ದು ಇಷ್ಟೇ, “ಸುಳ್ಳು ಬರಿಸೂದಿಲ್ಲ. ಇದಕಿಂತ ಹೆಚ್ಚಿಂದೂ ಹೇಳೂದಿಲ್ಲ.”

ಜೂಲಿಯಾ ಫಾರ್ಮನ್ನು ನನ್ನ ಕೈಗೆ ಕೊಟ್ಟು, ಸೋಮವಾರದ ತನಕ ಕಾಯುತ್ತೇನೆ, ಅವರ ಮನಸ್ಸು ಕರಗಿದರೆ ನೀವೇ ತುಂಬಿ ತನ್ನಿ ಎಂದು ಹೇಳಿ ಹೋದಳು. ಗೇಟಿನ ಹತ್ತಿರ ಹೊರಳಿ ಒಮ್ಮೆ ಪೆಟ್ಟಿಗೆಯ ಕಡೆ ನೋಡಿದಳು.

ಮಧ್ಯಾಹ್ನ ಕಾಕಾ ಅರ್ಧ ರೊಟ್ಟಿ ತಿಂದರು. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳೋಣ ಎಂದರೆ ಬೇಡ ಎಂದರು. ನಾಲ್ಕಕ್ಕೆ ಕೋಲು ತೆಗೆದುಕೊಂಡು ಹೊಳೆಯ ಕಡೆ ಹೋದರು, ಸಾಯಂಕಾಲದ ಚಹಾ ಸಹ ಕುಡಿಯದೆ. ನನಗೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಾಲ್ಕು ತಿಂಗಳು ಬಿಳಿ ಹಾಳೆ ಹುಡುಕಿ, ಐದು ಪುಟ ನನ್ನ ಕೈಯಲ್ಲಿ ಬರೆಸಿ, ಒಂದು ಸಾಲಿಗೆ ಬಂದು ಹಟ ಹಿಡಿದು ಕೂತರೆ? ಕಳ್ಳನೆಂದು ಬರೆಸಿಕೊಳ್ಳಲು ಇಷ್ಟು ಹುಮ್ಮಸ್ಸು ಯಾವ ಕಳ್ಳನಿಗಿದ್ದೀತು?

ಆರಕ್ಕೆ ಶಾಹಿದಾಬಿ ನಲ್ಲಿಗೆ ನೀರು ಬಂದಿದೆ ಎಂದು ಹೇಳಲು ಬಂದರು. ಪಡಸಾಲೆಯ ನಡುವೆ ಬಾಯಿ ತೆರೆದು ಕೂತ ಪೆಟ್ಟಿಗೆ ನೋಡಿ ನಿಂತರು.

“ಒಯ್ಯಲಿಲ್ಲೇನ್ರಿ?”

ನನಗೆ ಹೇಳಿಕೊಳ್ಳಲು ಯಾರಾದರೂ ಬೇಕಿತ್ತು. ಎಲ್ಲ ಹೇಳಿದೆ. ಕಟ್ಟಿನೊಳಗಿಂದ ಕದ್ದರಂತೆ, ಯಾಕೆಂದರೆ ಹೇಳುವುದಿಲ್ಲವಂತೆ. ಶಾಹಿದಾಬಿ ಸೆರಗಿಗೆ ಕೈ ಒರೆಸಿಕೊಂಡು, ಮೇಲಿನ ಹಾಳೆಯೊಂದನ್ನು ಎತ್ತಿ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ನನ್ನ ಕಡೆ ನೋಡಲೇ ಇಲ್ಲ.

“ಹೇಳೂದಿಲ್ಲ ಅವರು. ಇವು ನಾವು ಹೆಣ್ಮಕ್ಕಳು ನೋಡದ ಬಿಟ್ಟ ಹಾಳಿರಿ ಬಾಯಿ. ನಮ್ಮ ಕಣ್ಣು ತಪ್ಪಿಸಿ ಕಟ್ಟಿನಾಗ ಉಳದದ್ದು. ಸಾಹೇಬ್ರಿಗೆ ಸಿಕ್ರ ಕೆಂಪು ಬುಕ್ಕಿನಾಗ ನಮ್ಮ ಹೆಸರು ಬರೀಬೇಕು, ಅದು ಅವರ ಕೆಲಸ. ಮೂರು ಸಲ ಹೆಸರು ಬಂದ್ರ ಸಾಲಿನಿಂದ ತಗದು ಹೊರಗ ಬಿದಿರು ಹೊರಾಕ ಹಾಕ್ತಿದ್ರು. ನಾ ಬಸರಿ ಇದ್ದಾಗ ಕಣ್ಣು ಮಂಜ ಆಗತಿತ್ತು, ಎಷ್ಟ ಬಿಟ್ಟೇನೋ ಅಲ್ಲಾಗ ಗೊತ್ತು.”

“ಅವರು ಬರೀಲಿಲ್ಲೇನ್ರಿ?”

“ಒಂದೂ ಬರೀಲಿಲ್ಲ. ಹಾಳಿ ಅಂಗಿಯೊಳಗ ಇಟಗೊಂಡು ಹೋಗ್ತಿದ್ರು. ಅಲ್ಲೇ ಒಗದ್ರ ಯಾರ ಕಟ್ಟಿಂದು ಅಂತ ಲೆಕ್ಕಕ್ಕ ಸಿಗತಾದಲ್ಲ. ಹೊಟ್ಟಿ ಮ್ಯಾಲೆ ಹಾಳಿ ಇದ್ರ ಮನಶ್ಯಾಗ ಬಾಗಾಕ ಬರತದೇನ್ರಿ? ಚಪ್ಪಲಿ ಹಾಕ್ಕೊಳ್ಳಾಕೂ ಬರತಿದ್ದಿಲ್ಲ ಅವರಿಗೆ, ಕಾಲಿಲೇ ಹುಡುಕತಿದ್ರು. ನಾವೆಲ್ಲಾ ಮುಖಾ ಹೊಳ್ಳಿಸಿ ನಗತಿದ್ವಿ. ನಮಗ ಗೊತ್ತೈತಿ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ ಮತ್ತ, ನಾಚಗೋತಾರ.”

ಫಾರ್ಮು ನನ್ನ ಕೈಯಲ್ಲೇ ಇತ್ತು. ‘ವಸ್ತು ದಾನಿಗೆ ಹೇಗೆ ದೊರೆಯಿತು?’ ಎಂಬುದರ ಮುಂದಿನ ಜಾಗ ಖಾಲಿ ಇತ್ತು. ಏನು ಬರೆಯಲಿ ಎಂದು ನಾನು ಕೇಳಿದೆನೋ, ಸುಮ್ಮನೆ ಅವರ ಮುಖ ನೋಡಿದೆನೋ, ಈಗ ನೆನಪಿಲ್ಲ. ಶಾಹಿದಾಬಿ ಹಾಳೆಯನ್ನು ಮೊದಲಿದ್ದ ಹಾಗೆಯೇ ಅಡ್ಡ ಇಟ್ಟು, ಬಾಗಿಲ ತನಕ ಹೋಗಿ, ಚಪ್ಪಲಿ ಮೆಟ್ಟುತ್ತ ಹೇಳಿದರು:

“ಆರಿಸೂ ಸಾಲಿನ ಹೆಣ್ಮಕ್ಕಳು ಕೊಟ್ಟಾರ ಅಂತ ಬರೀರಿ. ತಪ್ಪು ನಮ್ಮದು, ನಮ್ಮದನ್ನ ನಾವ ಕೊಟ್ರ ಅದು ಕಳವು ಹೆಂಗ ಆಗತದ? ಲಗೂನ ಬರದು, ನೀರಿನ ಕೊಡಾ ತಗೊಂಡ ಬರ್ರಿ, ನಲ್ಲಿ ಇನ್ನ ಅರ್ಧ ತಾಸೂ ಇರೂದಿಲ್ಲ.”